ಗ್ಯಾಸು ತುಂಬಿಸುವ ಮುನ್ನ ಒಂದು ಚೊಂಬು ನೀರು

ನಮ್ಮ ಪತ್ರಿಕೆಯಲ್ಲಿ ಕೊಳೆರೋಗ, ಬಿಳಿ ಕಾಂಡಕೊರಕ, ಗೊಬ್ಬರದ ದರ, ಸಂಘದ ಲೆಕ್ಕಪತ್ರ ಇವುಗಳ ವಿಚಾರ ಬರುವುದು ವಾಡಿಕೆ. ಈ ಸಂಚಿಕೆಯಲ್ಲಿ ಹಳೆಯ ಕಾರಿನ ಎ.ಸಿ.ಯ ವಿಚಾರ ಬರೆಯುತ್ತಿರುವುದನ್ನು ಕಂಡು ಕೆಲವು ಸದಸ್ಯರು ಹುಬ್ಬೇರಿಸಬಹುದು. ಎರಡು ಎಕರೆ ಕಾಫಿ, ಒಂದು ಎಕರೆ ಅಡಿಕೆ ಇರುವವನಿಗೆ ಎ.ಸಿ. ಏತಕ್ಕೆ ಎಂದು ನಾವೂ ಒಂದು ಕಾಲದಲ್ಲಿ ಕೇಳಿದವರೇ. ಆದರೆ ಇಂದು ನಮ್ಮಲ್ಲಿ ಬಹಳ ಮಂದಿ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡಿದ್ದೇವೆ. ಮಳೆಗಾಲದಲ್ಲಿ ಘಟ್ಟ ಹತ್ತುವಾಗ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿ ದಾರಿ ಕಾಣದಾದಾಗ ಅದನ್ನು ತೆಗೆಯುವುದು ಎ.ಸಿ.ಯೇ. ಅದು ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರಲ್ಲಿರುವ ತೇವವನ್ನೂ ಹಿಂಡಿ ತೆಗೆಯುತ್ತದೆ. ಇನ್ನು ರೋಗಿಗಳನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವ ಸಂದರ್ಭ ಬಂದರಂತೂ ಅದು ಶೋಕಿಯ ವಸ್ತುವಾಗಿ ಉಳಿಯುವುದಿಲ್ಲ. ಕಳೆದ ಮಾರ್ಚ್ ತಿಂಗಳಲ್ಲಿ ನಮಗೆ ಒದಗಿದ್ದು ಇಂಥದೇ ಸಂದರ್ಭ.

ನಮ್ಮ ತಾಯಿಯವರಿಗೆ ಬೆಂಗಳೂರಿನಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಬೈಯಪ್ಪನಹಳ್ಳಿಯ ಹತ್ತಿರದ ಕಗ್ಗದಾಸಪುರದಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಹತ್ತು ದಿನ ಇದ್ದು, ಡಾಕ್ಟರಿಗೆ ಮತ್ತೊಮ್ಮೆ ತೋರಿಸಿಕೊಂಡು ಊರಿಗೆ ಬರುವುದೆಂದು ನಿಶ್ಚಯವಾಗಿತ್ತು. ಕಣ್ಣಿಗೆ ಧೂಳು ತಾಗಬಾರದು, ಬೆವರು ಇಳಿಯಬಾರದು, ಕಾರಿನಲ್ಲಿ ಹೋಗುವುದಾದರೆ ಗಾಜು ಏರಿಸಿಕೊಂಡೇ ಹೋಗಬೇಕು ಎಂದು ಡಾಕ್ಟರು ಹೇಳಿದ್ದರು. ನಾವು ಮೂಡಿಗೆರೆ ಕಡೆಯವರು. ಬೇಲೂರು, ಹಾಸನದ ಮೇಲೆ ಹೋದರೆ ಇಡೀ ದಿನದ ಪ್ರಯಾಣ. ಮಾರ್ಚಿಯ ಬಿಸಿಲಿನಲ್ಲಿ ಗಾಜು ಏರಿಸಿದ ಕಾರು ಎಂದರೆ ಭತ್ತ ಬೇಯಿಸುವ ಹಂಡೆಯೇ ಸರಿ.

ನಮ್ಮ ಕಾರು 2005ನೇ ಇಸವಿಯದು. ಜನವರಿಯಲ್ಲೇ ಅದರ ಎ.ಸಿ. ತಕರಾರು ಮಾಡಿತ್ತು. ಸಂತೆಯ ದಿನ ಪೇಟೆಯಲ್ಲಿ ನಿಧಾನವಾಗಿ ಹೋಗುವಾಗ ಬಿಸಿ ಗಾಳಿ ಬಂತು. ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆವು. ಅವರು ಪೈಪು ಮುಟ್ಟಿ ನೋಡಿ "ಗ್ಯಾಸು ಕಮ್ಮಿಯಾಗಿದೆ" ಎಂದು ಗ್ಯಾಸು ಹಾಕಿದರು. ಮನೆಗೆ ಬರುವ ದಾರಿಯುದ್ದಕ್ಕೂ ತಣ್ಣಗಿತ್ತು. ತಿಂಗಳು ಕಳೆದು ಮತ್ತೆ ಸಂತೆಯ ದಿನ ಅದೇ ಕಥೆ. ಬೇರೊಂದು ಕಡೆ ತೋರಿಸಿದೆವು. ಅವರೂ ಗ್ಯಾಸನ್ನೇ ಹಾಕಿದರು. ಎರಡು ಸಲಕ್ಕೂ ಸೇರಿ ನಾಲ್ಕು ಸಾವಿರ ರೂಪಾಯಿ ಕೈಬಿಟ್ಟಿತು. ಅದು ಆರು ಆಳಿನ ಒಂದು ದಿನದ ಕೂಲಿ. ಅವರನ್ನು ದೂರಿ ಪ್ರಯೋಜನವಿಲ್ಲ. "ಸಾಮಾನು ತಗೊಂಡು ಬರುವಷ್ಟರಲ್ಲಿ ಮುಗಿಸಿಡಿ" ಎಂದು ಅವಸರ ಮಾಡಿದವರು ನಾವೇ.

ಟಿನ್ ಫ್ಯಾಕ್ಟರಿಯ ಬಳಿ

ಮೂಡಿಗೆರೆಯಿಂದ ನೆಲಮಂಗಲದವರೆಗೆ ಎ.ಸಿ. ಸೊಗಸಾಗಿ ಕೆಲಸ ಮಾಡಿತು. ಈ ಸಲ ಸರಿಯಾಗಿದೆ ಎಂದೇ ಸಮಾಧಾನಪಟ್ಟೆವು. ಹೆಬ್ಬಾಳ ದಾಟಿ ಹೊರವರ್ತುಲ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿಯ ಬಳಿ ಬಂದಾಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಹತ್ತು ನಿಮಿಷದಲ್ಲಿ ಗಾಳಿ ಉಗುರುಬೆಚ್ಚಗಾಯಿತು, ಹದಿನೈದು ನಿಮಿಷದಲ್ಲಿ ಬಿಸಿಯಾಯಿತು. ಕೊನೆಗೆ ಗಾಜು ಇಳಿಸಿ, ಲಾರಿಗಳ ಹೊಗೆ ಕುಡಿಯುತ್ತ ಹಳೆ ಮದರಾಸು ರಸ್ತೆಗೆ ತಿರುಗಿದೆವು. ಮಾರನೆಯ ದಿನ ಇದೇ ದಾರಿಯಲ್ಲಿ ತಾಯಿಯವರನ್ನು ಕೂರಿಸಿಕೊಂಡು ಹಿಂದಿರುಗಬೇಕಲ್ಲ ಎಂಬ ಚಿಂತೆ ಹತ್ತಿತು.

ಬೈಯಪ್ಪನಹಳ್ಳಿಯನ್ನು ಹಿಂದೆ ಕಂಡ ಸದಸ್ಯರಿಗೆ ಅದು ಎನ್.ಜಿ.ಇ.ಎಫ್. ಕಾರ್ಖಾನೆಯ ಊರಾಗಿ ನೆನಪಿರಬಹುದು. ಟ್ರಾನ್ಸ್‌ಫಾರ್ಮರು, ಮೋಟಾರುಗಳನ್ನು ತಯಾರಿಸುತ್ತಿದ್ದ ಆ ಸರ್ಕಾರಿ ಕಾರ್ಖಾನೆ 2002ರಲ್ಲಿ ಮುಚ್ಚಿತು. 2011ರ ಅಕ್ಟೋಬರ್ 20ರಂದು ರಾಜ್ಯದ ಮೊದಲ ಮೆಟ್ರೊ ರೈಲು ಓಡಿದ್ದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ. 2022ರ ಜೂನ್‌ನಿಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಂಬ ಹೊಸ ರೈಲು ನಿಲ್ದಾಣವೂ ಅಲ್ಲಿ ಕೆಲಸ ಮಾಡುತ್ತಿದೆ. ಅದರ ಕಟ್ಟಡ ಹವಾನಿಯಂತ್ರಿತ. "ಇಡೀ ಸ್ಟೇಷನ್ನನ್ನೇ ತಣ್ಣಗಿಟ್ಟಿದ್ದಾರೆ, ನಿಮ್ಮ ನಾಲ್ಕು ಸೀಟಿನ ಕಾರು ತಣ್ಣಗಾಗಲ್ವಲ್ಲ ಭಾವ" ಎಂದು ತಂಗಿಯ ಯಜಮಾನರು ನಗೆಯಾಡಿದರು. ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ಆಮೇಲೆ ಅವರೇ ನಮ್ಮನ್ನು ಹಳೆ ಮದರಾಸು ರಸ್ತೆಯ ಒಂದು ಓಣಿಯಲ್ಲಿದ್ದ ಪುಟ್ಟ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು.

ಅಲ್ಲಿನ ಮೆಕ್ಯಾನಿಕ್ಕು ಅರವತ್ತರ ಆಸುಪಾಸಿನವರು. ನಮ್ಮ ಮಾತು ಮುಗಿಯುವವರೆಗೆ ಬಾನೆಟ್ ಎತ್ತಲಿಲ್ಲ. ಎರಡೇ ಪ್ರಶ್ನೆ ಕೇಳಿದರು.

"ಓಡ್ತಾ ಇರೋವಾಗ ತಣ್ಣಗೆ, ನಿಂತ್ರೆ ಬಿಸಿ. ಹೌದಾ ಸಾರ್?"

"ಹೌದು."

"ಗ್ಯಾಸು ಎಷ್ಟು ಸಾರಿ ಹಾಕ್ಸಿದ್ರಿ?"

"ಎರಡು ಸಾರಿ."

ಅವರು ನಕ್ಕು, ಗೇಜು ತಂದು ಜೋಡಿಸಿ, ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದರು. ಗೇಜಿನಲ್ಲಿ ಎರಡು ಮುಳ್ಳು. ನೀಲಿಯದು ಕಡಿಮೆ ಒತ್ತಡದ ಕಡೆಯದು, ಕೆಂಪಿನದು ಹೆಚ್ಚು ಒತ್ತಡದ ಕಡೆಯದು. ಕೆಂಪು ಮುಳ್ಳು 350 ಪೌಂಡು ದಾಟಿ ಏರುತ್ತಲೇ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಟಕ್ ಎಂಬ ಸದ್ದಾಗಿ ಕಂಪ್ರೆಸರ್ ತಾನಾಗಿಯೇ ನಿಂತಿತು. ಅವರು ಒಂದು ಚೊಂಬು ನೀರು ತಂದು, ಕಂಪ್ರೆಸರ್ ಮತ್ತೆ ಹಿಡಿದುಕೊಂಡಾಗ, ಕಾರಿನ ಮೂತಿಯ ಜಾಲರಿಯ ಮೂಲಕ ಕಂಡೆನ್ಸರಿನ ಮೇಲೆ ನಿಧಾನವಾಗಿ ಸುರಿದರು. ನೋಡನೋಡುತ್ತಿದ್ದಂತೆ ಕೆಂಪು ಮುಳ್ಳು 250ಕ್ಕಿಂತ ಕೆಳಗಿಳಿಯಿತು. ಒಳಗೆ ಕೂತಿದ್ದ ನಮಗೆ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಎರಡು ತಿಂಗಳು, ನಾಲ್ಕು ಸಾವಿರ ರೂಪಾಯಿಗೆ ಸಿಗದಿದ್ದ ಉತ್ತರ ಒಂದು ಚೊಂಬು ನೀರಿನಲ್ಲಿ ಸಿಕ್ಕಿತ್ತು.

ಆದದ್ದೇನು?

ಇದು ಅರ್ಥವಾಗಬೇಕಾದರೆ ಯಂತ್ರದ ಕೆಲಸ ಸ್ವಲ್ಪ ತಿಳಿದಿರಬೇಕು. ಕಂಪ್ರೆಸರ್ ಎಂಬುದು ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಹೊರಗಿನ ಗಾಳಿ ಬೀಸಿ ಶಾಖ ಹೋಗಿ ಗ್ಯಾಸು ದ್ರವವಾಗುತ್ತದೆ. ಆ ದ್ರವ ಒಂದು ಸೋಸುವ ಡಬ್ಬಿಯ ಮೂಲಕ ಹಾದು, ಸಣ್ಣ ಕಿಂಡಿಯಂಥ ವಾಲ್ವಿನಿಂದ ನುಗ್ಗಿ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಮತ್ತೆ ಆವಿಯಾಗುತ್ತದೆ. ಈಗಿನ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿರುವ 134ಎ ಎಂಬ ಗ್ಯಾಸು ತೆರೆದ ಗಾಳಿಯಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಅದು ಕಾರಿನೊಳಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಎಂದರೆ ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ.

ಕಾರು ಓಡುವಾಗ ಕಂಡೆನ್ಸರಿಗೆ ಎದುರುಗಾಳಿ ತಾನಾಗಿ ಬೀಸುತ್ತದೆ. ನಿಂತಾಗ ಬೀಸಬೇಕಾದ್ದು ಅದರ ಫ್ಯಾನು. ನಮ್ಮ ಕಾರಿನಲ್ಲಿ ರೇಡಿಯೇಟರಿಗೆ ಒಂದು, ಕಂಡೆನ್ಸರಿಗೆ ಒಂದು ಎಂದು ಎರಡು ಫ್ಯಾನು. ರೇಡಿಯೇಟರಿನದು ಸರಿಯಾಗಿದ್ದುದರಿಂದ ಇಂಜಿನ್ ಕಾಯುತ್ತಿರಲಿಲ್ಲ, ನಮಗೆ ಸಂಶಯವೂ ಬಂದಿರಲಿಲ್ಲ. ಕಂಡೆನ್ಸರಿನ ಫ್ಯಾನು ಮಾತ್ರ ಸತ್ತಿತ್ತು. ಶಾಖ ಹೊರಹೋಗುವ ದಾರಿ ಕಟ್ಟಿದಾಗ ನಾವು ಗ್ಯಾಸಿನ ಮೇಲೆ ಗ್ಯಾಸು ಹಾಕಿಸಿದೆವು. ಬಸಿಗಾಲುವೆ ಹೂತುಹೋಗಿ ನೀರು ನಿಂತ ಅಡಿಕೆ ತೋಟದಲ್ಲಿ ಸೋಗೆ ಹಳದಿಯಾಯಿತೆಂದು ಗೊಬ್ಬರ ಸುರಿಯುವವನಿಗೂ ನಮಗೂ ಏನು ವ್ಯತ್ಯಾಸ? ಹೆಚ್ಚಾದ ಗ್ಯಾಸು ಒತ್ತಡವನ್ನು ಇನ್ನೂ ಏರಿಸಿತು. ಕಂಪ್ರೆಸರ್ ಒಡೆಯದಂತೆ ಕಾಯುವ ಸ್ವಿಚ್ಚು ಅದನ್ನು ನಿಲ್ಲಿಸುತ್ತಿತ್ತು. ನಾವು ಬಿಸಿ ಗಾಳಿ ಎಂದು ಶಪಿಸಿದ್ದು ವಾಸ್ತವವಾಗಿ ಯಂತ್ರ ತನ್ನನ್ನು ತಾನು ಉಳಿಸಿಕೊಂಡ ಕ್ಷಣವಾಗಿತ್ತು.

ಫ್ಯಾನು ಏಕೆ ಸತ್ತಿತು? ಫ್ಯೂಸು ಸರಿ, ರಿಲೇ ಸರಿ. ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟಾಗ ಫ್ಯಾನು ಗರ್ರನೆ ತಿರುಗಿತು. ತಂತಿಯ ಜಾಡು ಹಿಡಿದು ಹೋದಾಗ ರೇಡಿಯೇಟರಿನ ಮೂಲೆಯಲ್ಲಿ ಕಡಿದುಹೋದ ತುದಿ ಸಿಕ್ಕಿತು. ಅದರ ಪಕ್ಕದಲ್ಲಿ ಒಂದು ಹಿಡಿ ಅಡಿಕೆ ಸಿಪ್ಪೆಯ ನಾರು! ಮೆಕ್ಯಾನಿಕ್ಕು ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದು ನಮ್ಮ ಬೈಯಪ್ಪನಹಳ್ಳಿ ಇಲೀದಲ್ಲ ಸಾರ್, ನಿಮ್ಮೂರಿಂದಾನೇ ಬಂದಿದೆ" ಎಂದರು. ಕಾರು ನಿಲ್ಲಿಸುವ ಕೊಟ್ಟಿಗೆಯ ಮೂಲೆಯಲ್ಲಿ ನಾವು ಸುಲಿದ ಅಡಿಕೆಯ ಸಿಪ್ಪೆ ರಾಶಿ ಹಾಕಿದ್ದೆವು. ಇಲಿಗಳು ಅಲ್ಲಿ ಸಂಸಾರ ಹೂಡಿ, ರಾತ್ರಿ ಬಿಸಿಯಾಗಿದ್ದ ಇಂಜಿನ್ನಿನ ಮಗ್ಗುಲಿಗೆ ಬಂದು ಗೂಡು ಕಟ್ಟಿದ್ದವು.

ತಂತಿ ಜೋಡಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ಹೊದಿಸಲು ಅರ್ಧ ಗಂಟೆ ಹಿಡಿಯಿತು. ಅದಕ್ಕೆ ಅವರು ತೆಗೆದುಕೊಂಡದ್ದು ಮುನ್ನೂರು ರೂಪಾಯಿ. ಆದರೂ ಕೆಂಪು ಮುಳ್ಳು ಇರಬೇಕಾದ್ದಕ್ಕಿಂತ ಮೇಲೆಯೇ ಇತ್ತು. ಒಳಗಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದು ತೂಗಿದಾಗ 780 ಗ್ರಾಂ ಇತ್ತು. ಬಾನೆಟ್ಟಿನ ಒಳಗೆ ಅಂಟಿಸಿದ್ದ ಚೀಟಿಯ ಪ್ರಕಾರ ಇರಬೇಕಾದ್ದು 550 ಗ್ರಾಂ. ಆ ಚೀಟಿಯನ್ನು ನಾವು ಇಷ್ಟು ವರ್ಷದಲ್ಲಿ ಒಮ್ಮೆಯೂ ಓದಿರಲಿಲ್ಲ.

ಎತ್ತರದ ಊರಿನ ಒಂದು ಸೂಕ್ಷ್ಮ

ಗ್ಯಾಸು ತೆಗೆದ ಮೇಲೆ ಪೈಪುಗಳ ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಹೊರಗೆಳೆಯಬೇಕು. ಇದಕ್ಕೆ ವ್ಯಾಕ್ಯೂಮ್ ಮಾಡುವುದು ಎನ್ನುತ್ತಾರೆ. ಅರ್ಧ ಗಂಟೆಗೆ ಕಡಿಮೆ ಇಲ್ಲದಂತೆ ಇದನ್ನು ಮಾಡಿ, ಪಂಪು ನಿಲ್ಲಿಸಿ, ಮುಳ್ಳು ಮೇಲೇರದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಏರಿದರೆ ಎಲ್ಲೋ ಸೋರಿಕೆ ಇದೆ ಅಥವಾ ತೇವ ಉಳಿದಿದೆ ಎಂದರ್ಥ. ಗೇಜಿನ ಮೇಲೆ 30 ಅಂಗುಲದವರೆಗೆ ಗುರುತು ಇರುತ್ತದೆ. ಆದರೆ ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿ ಮುಳ್ಳು 27ರ ಆಸುಪಾಸಿನಲ್ಲಿ ನಿಲ್ಲುವುದು ಸಹಜ. ಚಿಕ್ಕಮಗಳೂರು, ಮಡಿಕೇರಿಗಳಲ್ಲಿ ಇನ್ನೂ ಸ್ವಲ್ಪ ಕೆಳಗೆ. ನಮ್ಮ ಕಡೆ ಯಾರಾದರೂ "ಮುಳ್ಳು ಮೂವತ್ತಕ್ಕೆ ಹೋಗುತ್ತಿಲ್ಲ, ಪೈಪು ಬದಲಾಯಿಸಬೇಕು" ಎಂದರೆ ಸದಸ್ಯರು ಈ ಮಾತನ್ನು ನೆನಪಿಡಬೇಕು. ಮುಳ್ಳು ಎಲ್ಲಿ ನಿಂತಿತು ಎಂಬುದೊಂದನ್ನೇ ನೋಡದೆ, ನಿಂತಲ್ಲೇ ನಿಂತಿತೇ ಎಂಬುದನ್ನು ನೋಡಬೇಕು.

ಮೊದಲು ಏನು ನೋಡಬೇಕು?

ಪಂಪ್‌ಸೆಟ್ಟು ನೀರೆತ್ತದಿದ್ದರೆ ನಾವು ಮೊದಲು ಕರೆಂಟು ನೋಡುತ್ತೇವೆ, ಆಮೇಲೆ ಫುಟ್‌ವಾಲ್ವು ನೋಡುತ್ತೇವೆ. ಏಕಾಏಕಿ ಮೋಟಾರು ಬಿಚ್ಚುವುದಿಲ್ಲ. ಎ.ಸಿ.ಗೂ ಇದೇ ಕ್ರಮ. ವರ್ಕ್‌ಶಾಪಿಗೆ ಹೋಗುವ ಮೊದಲು ಮನೆಯ ಅಂಗಳದಲ್ಲೇ ಕೆಳಗಿನವನ್ನು ನೋಡಿಕೊಳ್ಳಬಹುದು. ಇಂಜಿನ್ ಚಾಲೂ ಇಟ್ಟು ನೋಡುವ ಕೆಲಸವನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಬಾರದು. ಫ್ಯಾನು ಯಾವ ಕ್ಷಣದಲ್ಲಾದರೂ ತಿರುಗಬಹುದಾದ್ದರಿಂದ ಕೈಯನ್ನೂ ಪಂಚೆಯ ಸೆರಗನ್ನೂ ದೂರವಿಡಬೇಕು.

ಒಂದು: ಗಾಳಿಯೇ ಬರುತ್ತಿಲ್ಲ ಅಥವಾ ಬಹಳ ಕಡಿಮೆ ಬರುತ್ತಿದೆ. ಇದು ಗ್ಯಾಸಿನ ದೋಷವಾಗಿರುವುದು ಅಪರೂಪ. ಬ್ಲೋಯರಿನ ಫ್ಯೂಸು ನೋಡಬೇಕು. ಅನೇಕ ಹಳೆಯ ಕಾರುಗಳಲ್ಲಿ ಗಾಳಿ ಸೋಸುವ ಫಿಲ್ಟರೇ ಇರುವುದಿಲ್ಲ. ಧೂಳು, ಎಲೆಚೂರು, ಇಲಿಗೂಡು ಎಲ್ಲವೂ ನೇರವಾಗಿ ಕೂಲಿಂಗ್ ಕಾಯಿಲಿಗೆ ಹೋಗಿ ಕಟ್ಟಿಕೊಳ್ಳುತ್ತವೆ. ಆರಂಭದಲ್ಲಿ ಗಾಳಿ ಚೆನ್ನಾಗಿ ಬಂದು, ಅರ್ಧ ಗಂಟೆಯಲ್ಲಿ ಕಡಿಮೆಯಾಗಿ, ಎ.ಸಿ. ಆರಿಸಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ ಎಂದು ತಿಳಿಯಬೇಕು.

ಎರಡು: ಗಾಳಿ ಬರುತ್ತದೆ, ಆದರೆ ಸ್ವಿಚ್ಚು ಹಾಕಿದಾಗ ಕಂಪ್ರೆಸರ್ ಟಕ್ ಎಂದು ಹಿಡಿದುಕೊಳ್ಳುವ ಸದ್ದಿಲ್ಲ. ಕಂಪ್ರೆಸರಿನ ಮುಂದಿನ ತಟ್ಟೆ ತಿರುಗುತ್ತಿರುವುದಿಲ್ಲ. ಫ್ಯೂಸು, ರಿಲೇ, ತಂತಿ ಇವುಗಳನ್ನು ನೋಡಬೇಕು. ಗ್ಯಾಸು ತೀರಾ ಕಡಿಮೆಯಾದಾಗಲೂ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ಹಿಡಿಯಗೊಡುವುದಿಲ್ಲ.

ಮೂರು: ಕಂಪ್ರೆಸರ್ ತಿರುಗುತ್ತದೆ, ಆದರೆ ಓಡುವಾಗಲೂ ನಿಂತಾಗಲೂ ತಂಪಿಲ್ಲ. ಬೆಲ್ಟು ಸಡಿಲವಾಗಿದೆಯೇ? ಬಿಸಿಗಾಳಿಯ ಕಡ್ಡಿಯ ಕೇಬಲ್ಲು ಜಾರಿ ಹೀಟರು ತೆರೆದೇ ಉಳಿದಿದೆಯೇ? ಇವೆರಡೂ ಸರಿಯಿದ್ದರೆ ಮಾತ್ರ ಗ್ಯಾಸಿನ ಮಾತು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಸೋರಿದೆ ಎಂದೇ ಅರ್ಥ. ಅದರ ಜೊತೆ ಎಣ್ಣೆಯೂ ಹೊರಬರುವುದರಿಂದ ಜೋಡಣೆಯ ಜಾಗದಲ್ಲಿ ಜಿಡ್ಡಿಗೆ ಧೂಳು ಅಂಟಿದ ಗುರುತು ಇರುತ್ತದೆ. ಸೋರಿಕೆ ಮುಚ್ಚದೆ ಗ್ಯಾಸು ಹಾಕಿಸುವುದು ಒಡಕು ಕೊಡಕ್ಕೆ ನೀರು ತುಂಬಿದಂತೆ.

ನಾಲ್ಕು: ಓಡುವಾಗ ತಂಪು, ನಿಂತರೆ ಬಿಸಿ. ಇದು ನಮ್ಮ ಕಥೆ. ಮೊದಲು ಕಂಡೆನ್ಸರಿನ ಫ್ಯಾನು, ಆಮೇಲೆ ಕಂಡೆನ್ಸರಿನ ಕೊಳೆ. ಇಂಜಿನ್ ನಿಂತಲ್ಲೇ ಓಡುತ್ತಿರುವಾಗ ಜಾಲರಿಯ ಮೂಲಕ ಒಂದು ಚೊಂಬು ನೀರು ಹಾಕಿ ನೋಡಬೇಕು. ತಂಪು ಬಂದರೆ ಗ್ಯಾಸು ಹಾಕಿಸುವ ಮಾತೇ ಬೇಡ. ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ತಿಳಿಯುತ್ತೇವಲ್ಲ, ಅಂಥದೇ ಪರೀಕ್ಷೆ ಇದು.

ಬೋರ್ಡೋ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಕಂಡೆನ್ಸರು ಅಲ್ಯೂಮಿನಿಯಂನದು. ಮೈಲುತುತ್ತು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಔಷಧಿ ಹೊಡೆದ ಡ್ರಮ್ಮು, ಪೈಪುಗಳಿಂದಲೇ ಕಾರು ತೊಳೆಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅದನ್ನು ಬಿಡಬೇಕು. ಪಂಪಿನ ಗನ್ನು ಹಿಡಿದು ಜೋರಾಗಿ ಹೊಡೆದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಒಳ್ಳೆಯ ನೀರನ್ನು ಸಾಧಾರಣ ರಭಸದಲ್ಲಿ ಹಾಯಿಸಿದರೆ ಸಾಕು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಒಳಗಿನ ಎಣ್ಣೆ ಹರಿದಾಡಿ ಸೀಲುಗಳು ಒಣಗುವುದಿಲ್ಲ.

ಗ್ಯಾಸಿನ ಜಾತಿ ತಿಳಿದಿರಲಿ

ಇನ್ನೂ ಹಳೆಯ ಅಂಬಾಸಿಡರ್, ಪದ್ಮಿನಿ ಮುಂತಾದ ಕಾರುಗಳಿಗೆ ಆಗ ಹಾಕಿಸಿದ ಎ.ಸಿ.ಗಳಲ್ಲಿ ಇದ್ದದ್ದು 12ನೇ ನಂಬರಿನ ಗ್ಯಾಸು. ಅಂಥ ಗ್ಯಾಸುಗಳು ಆಕಾಶದ ಓಜೋನ್ ಪದರವನ್ನು ಕೆಡಿಸುತ್ತವೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಆ ಇಬ್ಬರು ವಿಜ್ಞಾನಿಗಳಿಗೆ 1995ರಲ್ಲಿ ನೊಬೆಲ್ ಬಹುಮಾನ ಬಂತು. ಆಮೇಲೆ ಬಂದ 134ಎ ಗ್ಯಾಸು ಓಜೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ಶಾಖ ಏರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರಕ್ಕೂ ಮಿಕ್ಕಿ ಪಟ್ಟು ಬಲವಾದದ್ದು. ಅದನ್ನೂ ಕ್ರಮೇಣ ಕಡಿಮೆ ಮಾಡಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ನಿರ್ಣಯವಾಗಿ, 2021ರಲ್ಲಿ ಭಾರತವೂ ಅನುಮೋದಿಸಿದೆ. ಹೂಮಳೆ ಒಂದು ವಾರ ಹಿಂದುಮುಂದಾದರೆ ನಮ್ಮ ಫಸಲೇನಾಗುತ್ತದೆ ಎಂದು ಬಲ್ಲ ನಾವು ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡಿಸಬಾರದು.

12ರ ಯಂತ್ರಕ್ಕೆ 134ಎ ಹಾಗೆಯೇ ಹಾಕಲು ಬರುವುದಿಲ್ಲ. ಎಣ್ಣೆ, ಸೋಸುವ ಡಬ್ಬಿ, ಸೀಲುಗಳನ್ನು ಬದಲಿಸಬೇಕು. ಅಗ್ಗವೆಂದು ಅಡುಗೆ ಗ್ಯಾಸು ಹಾಕಿಸುವವರೂ ಉಂಟು. ಅದು ಹೊತ್ತಿಕೊಳ್ಳುವ ಗ್ಯಾಸು, ಕೂಲಿಂಗ್ ಕಾಯಿಲು ಇರುವುದು ನಮ್ಮ ಮೊಣಕಾಲ ಮುಂದೆ. ಈ ಕೆಲಸ ಎಂದೂ ಬೇಡ. ಯಾವ ಗ್ಯಾಸೇ ಆಗಲಿ ಕಣ್ಣಿಗೋ ಕೈಗೋ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುವುದರಿಂದ ಪೈಪು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಮಾಡಕೂಡದು.

ಮಾರನೆಯ ಬೆಳಿಗ್ಗೆ

ವ್ಯಾಕ್ಯೂಮ್ ಮಾಡಿ 550 ಗ್ರಾಂ ತೂಗಿ ಹಾಕಿದ್ದಕ್ಕೆ ಬೇರೆ 1800 ರೂಪಾಯಿ ಆಯಿತು. ಕೆಲಸ ಮುಗಿಯುವಾಗ ಸಂಜೆಯಾಗಿತ್ತು. ಹಣ ಕೊಡುವಾಗ ಮೆಕ್ಯಾನಿಕ್ಕಿನ ತಂದೆ ಎನ್.ಜಿ.ಇ.ಎಫ್.ನಲ್ಲಿ ದುಡಿದವರೆಂದು ತಿಳಿಯಿತು. "ಮಿಷನ್ನು ಸುಳ್ಳು ಹೇಳಲ್ಲ, ನಾವು ಅದನ್ನ ಕೇಳೋದಕ್ಕೆ ಮುಂಚೆ ಬಿಚ್ಚಿಬಿಡ್ತೀವಿ ಅಂತ ನಮ್ಮಪ್ಪ ಹೇಳೋರು ಸಾರ್" ಎಂದರು ಅವರು.

ಬೆಳಿಗ್ಗೆ ತಾಯಿಯವರನ್ನು ಡಾಕ್ಟರಿಗೆ ತೋರಿಸಿ, ಕಪ್ಪು ಕನ್ನಡಕ ಹಾಕಿಸಿ, ಗಾಜು ಏರಿಸಿ ಹೊರಟೆವು. ಟಿನ್ ಫ್ಯಾಕ್ಟರಿಯ ಬಳಿ ಹಿಂದಿನ ದಿನಕ್ಕಿಂತ ದೊಡ್ಡ ಸಾಲು. ನಾವು ಉಸಿರು ಬಿಗಿಹಿಡಿದು ಕೂತೆವು. ಮುಂದೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಇಪ್ಪತ್ತು ನಿಮಿಷವಾದರೂ ಗಾಳಿ ತಣ್ಣಗೇ ಇತ್ತು. "ಏನು ಮಗ, ಇಷ್ಟು ತಣ್ಣಗೆ ಬಿಟ್ಟಿದ್ದೀಯ, ಶಾಲು ಎಲ್ಲಿ ಇಟ್ಟಿದ್ದೀಯ?" ಎಂದು ತಾಯಿಯವರು ಹಿಂದಿನ ಸೀಟಿನಿಂದ ಕೇಳಿದರು. ಶಾಲು ಹೊದ್ದು ಮಲಗಿದವರು ಎದ್ದದ್ದು ಹಾಸನದಲ್ಲಿ.

ಊರಿಗೆ ಬಂದ ಮಾರನೆಯ ದಿನ ಮೊದಲು ಮಾಡಿದ ಕೆಲಸವೆಂದರೆ ಕೊಟ್ಟಿಗೆಯ ಮೂಲೆಯ ಸಿಪ್ಪೆಯ ರಾಶಿಯನ್ನು ಗೊಬ್ಬರದ ಗುಂಡಿಗೆ ಸಾಗಿಸಿದ್ದು. ಈಗ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುತ್ತೇವೆ. ಸದಸ್ಯ ಬಾಂಧವರೂ ಹಾಗೆ ಮಾಡಬೇಕೆಂದು ಕೋರುತ್ತೇವೆ. ತಮ್ಮ ವಾಹನಗಳ ಇಂಥ ಅನುಭವಗಳಿದ್ದಲ್ಲಿ ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.